ಹೆಬ್ಬೆರಳಿನ ಬಿಳಿ ಗುರುತು

ಯಾರಾದರೂ ದೆವ್ವ, ಶಕುನ ಎಂದು ಕಥೆ ಹೇಳತೊಡಗಿದರೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ, “ಆಗ ಬಾಗಿಲಿನ ಕೀಲಿ ಯಾರ ಹತ್ತಿರ ಇತ್ತು?” ಎಂದು. ಅರ್ಧಕ್ಕರ್ಧ ಕಥೆಗಳು ಅಲ್ಲೇ ನಿಂತುಬಿಡುತ್ತಿದ್ದವು. ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದವನು ನಾನು. ಅನುಮಾನ ಪಡುವುದಕ್ಕೇ ನನಗೆ ಸಂಬಳ. ನನ್ನ ಮನೆಯಲ್ಲೇ ನಡೆದದ್ದನ್ನು ಹೇಳಿದರೆ ನೀವೂ ಅದೇ ಪ್ರಶ್ನೆ ಕೇಳುತ್ತೀರಿ. ಕೇಳಿ, ನನ್ನ ಅಭ್ಯಂತರವಿಲ್ಲ.

ಕೆಲವು ವರ್ಷಗಳ ಹಿಂದೆ, ಗಾರ್ಡನ್ ರೀಚ್ ಕಡೆಯಿಂದ ತಪಾಸಣೆ ಮುಗಿಸಿ ಬರುವಾಗ ಲಾರಿಯೊಂದು ನನ್ನ ಸ್ಕೂಟರಿಗೆ ತಾಗಿ, ಎಡಗಾಲಿನ ಮೊಣಕಾಲಿನ ಕೆಳಗೆ ಮೂಳೆ ಕಾಣುವಷ್ಟು ಮಾಂಸ ಕಿತ್ತುಹೋಯಿತು. ಸರ್ಜನ್ ನನ್ನ ತೊಡೆಯಿಂದ ಅಂಗೈಯಗಲದ ಚರ್ಮ, ಮಾಂಸವನ್ನು ರಕ್ತನಾಳದ ಸಮೇತ ತೆಗೆದು ಅಲ್ಲಿ ಕೂರಿಸಿದರು. ಮನೆಯಲ್ಲಿ ನಾವು ಅದನ್ನು ತೇಪೆ ಎನ್ನುತ್ತಿದ್ದೆವು. ತೇಪೆಗೆ ಸೂಜಿ ಚುಚ್ಚಿದರೂ ನನಗೆ ತಿಳಿಯುತ್ತಿರಲಿಲ್ಲ. ಅದರಲ್ಲಿ ಜೀವ ಇದೆಯೋ ಇಲ್ಲವೋ ಎಂದು ನೋಡಲು ಆಸ್ಪತ್ರೆಯಲ್ಲಿ ನರ್ಸು ಹೆಬ್ಬೆರಳಿನಿಂದ ಒತ್ತಿ ಬಿಡುತ್ತಿದ್ದಳು. ಒತ್ತಿದ ಜಾಗ ಬಿಳಿಚಿಕೊಂಡು, ಎರಡು ಮೂರು ಸೆಕೆಂಡಿನಲ್ಲಿ ಮತ್ತೆ ಬಣ್ಣ ತುಂಬಿಕೊಳ್ಳಬೇಕು. ಕಾಲು ದಿಂಬಿನ ಮೇಲೆ ಎತ್ತರದಲ್ಲೇ ಇರಬೇಕು. ಹೆಚ್ಚು ಹೊತ್ತು ಇಳಿಬಿದ್ದರೆ ರಕ್ತ ಕಟ್ಟಿ ತೇಪೆ ನೀಲಿಯಾಗುತ್ತದೆ, ತೇಪೆ ಹೋದರೆ ಕಾಲೂ ಹೋದೀತು ಎಂದು ಸರ್ಜನ್ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಮನೆಗೆ ಬರುತ್ತಿದ್ದ ಬಂಗಾಳಿ ಫಿಸಿಯೊ ಕೂಡ ಹೊರಡುವಾಗಲೆಲ್ಲ “ಪಾ ಉಪೊರೆ, ದಾದಾ” ಎನ್ನುತ್ತಿದ್ದ. ಕಾಲು ಮೇಲೆ.

ಕಸ್ಬಾದ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ ಮಂಚ ಹಾಕಲು ಇದ್ದದ್ದು ಒಂದೇ ಜಾಗ. ಎತ್ತಿಟ್ಟ ಕಾಲು ನೇರವಾಗಿ ಎದುರು ಗೋಡೆಯ ಅಪ್ಪನ ಫೋಟೋಗೆ ಮುಖ ಮಾಡಿತ್ತು. ಅಪ್ಪ ತೀರಿಕೊಂಡಾಗ ನಾನಿನ್ನೂ ತೊದಲು ಮಾತಿನವನು. ಆ ಫೋಟೋ ಬಿಟ್ಟರೆ ನನಗೆ ಅವರ ನೆನಪಿಲ್ಲ. ನೋಡಿಕೊಳ್ಳಲೆಂದು ಉಡುಪಿಯಿಂದ ಬಂದಿದ್ದ ದೊಡ್ಡಮ್ಮನಿಗೆ ಇದು ಮೊದಲ ದಿನವೇ ಕಣ್ಣಿಗೆ ಬಿತ್ತು.

“ಅಪ್ಪನಿಗೆ ಕಾಲು ತೋರಿಸಿ ಮಲಗುದಾ ಮಾರಾಯ? ಫೋಟೋ ಆದ್ರೂ ಆಚೆ ಇಡುವ.”

“ಅಲ್ಲೇ ಇರ್ಲಿ ದೊಡ್ಡಮ್ಮ. ಆಪರೇಷನ್ ಆದದ್ದು ಅಪ್ಪನಿಗೂ ಗೊತ್ತುಂಟು,” ಎಂದು ತಮಾಷೆ ಮಾಡಿದೆ.

ಅವರು ನಗಲಿಲ್ಲ. ಆಮೇಲೆ ಮಧ್ಯಾಹ್ನದ ನಿದ್ದೆಯಿಂದ ಎದ್ದಾಗ ಒಂದೆರಡು ಸಲ ಕಾಲು ದಿಂಬಿನಿಂದ ಕೆಳಗಿತ್ತು, ಪಾದ ಫೋಟೋದಿಂದ ಪಕ್ಕಕ್ಕೆ ತಿರುಗಿತ್ತು. ನಿದ್ದೆಯಲ್ಲಿ ನಾನೇ ಹೊರಳಿರಬಹುದು. ಆದರೆ ಕಾಲು ಹೋಗುತ್ತದೆಂಬ ಭಯದಲ್ಲಿದ್ದವನಿಗೆ ಅಷ್ಟು ಉದಾರ ಬುದ್ಧಿ ಎಲ್ಲಿಂದ ಬರಬೇಕು? ದೊಡ್ಡಮ್ಮನನ್ನು ನೇರವಾಗಿಯೇ ಕೇಳಿದೆ.

“ನಿನ್ನ ಕಾಲು ಹಾಳು ಮಾಡ್ಲಿಕ್ಕೆ ನಾನು ಅಷ್ಟು ದೂರದಿಂದ ಬಂದದ್ದಾ?” ಎಂದು ಅವರು ಒಳಗೆ ಹೋದರು. ನನ್ನ ವೃತ್ತಿಯಲ್ಲಿ ಇದನ್ನು ಉತ್ತರವೆಂದು ಬರೆದುಕೊಳ್ಳುವುದಿಲ್ಲ.

ಆ ಶನಿವಾರ ಸದರ್ನ್ ಅವೆನ್ಯೂವಿನಲ್ಲಿ ನಮ್ಮೂರಿನವರೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ನನ್ನ ಹೆಂಡತಿ ಪ್ರತಿಭಾ ದೊಡ್ಡಮ್ಮನನ್ನು ಕರೆದುಕೊಂಡು ಹೊರಟಾಗ ನನಗೆ ಒಳಗೊಳಗೇ ನೆಮ್ಮದಿ. ಅವಳು ಕಾಲನ್ನು ದಿಂಬಿನ ಮೇಲಿಟ್ಟು, ಹೊರಗಿನಿಂದ ಬೀಗ ಹಾಕಿ, ಕೀಲಿಯನ್ನು ತನ್ನ ಚೀಲದಲ್ಲಿಟ್ಟುಕೊಂಡು ಹೋದಳು. ಇದ್ದ ಇನ್ನೊಂದೇ ಕೀಲಿ ನನ್ನ ತಲೆದಿಂಬಿನ ಕೆಳಗಿತ್ತು.

ಯಾವಾಗ ನಿದ್ದೆ ಹತ್ತಿತೋ ಗೊತ್ತಿಲ್ಲ. ಏಕೆ ಎಚ್ಚರವಾಯಿತೋ ಅದೂ ಗೊತ್ತಿಲ್ಲ. ಕಾಲು ದಿಂಬಿನ ಮೇಲೆ ಅಚ್ಚುಕಟ್ಟಾಗಿಯೇ ಇತ್ತು. ಆದರೆ ಬ್ಯಾಂಡೇಜಿನಲ್ಲಿ ನೋಡಲೆಂದು ಬಿಟ್ಟಿದ್ದ ಕಿಂಡಿಯೊಳಗೆ ತೇಪೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬಹಳ ಹೊತ್ತು ಇಳಿಬಿದ್ದ ಕಾಲಿನ ಬಣ್ಣ ಅದು. ಅದರ ನಡುವೆ ಒಂದು ಹೆಬ್ಬೆರಳಿನ ಬಿಳಿ ಗುರುತು. ನಾನು ನೋಡುತ್ತಿದ್ದಂತೆಯೇ ಅಂಚಿನಿಂದ ಬಣ್ಣ ತುಂಬಿಕೊಂಡು ಅದು ಮಾಯವಾಯಿತು.

ಇಳಿಬಿದ್ದಿದ್ದ ಕಾಲನ್ನು ಯಾರೋ ಎತ್ತಿಟ್ಟಿದ್ದಾರೆ, ಒತ್ತಿ ನೋಡಿದ್ದಾರೆ, ಅದೂ ಈಗಷ್ಟೇ. “ಯಾರದು?” ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ನಿಧಾನವಾಗಿ ನೀಲಿ ಇಳಿದು ತೇಪೆ ತನ್ನ ಬಣ್ಣಕ್ಕೆ ಬಂತು. ಅಷ್ಟು ಹೊತ್ತೂ ನಾನು ಬಾಗಿಲನ್ನೇ ನೋಡುತ್ತಾ ಬಿದ್ದುಕೊಂಡಿದ್ದೆ.

ಅವರಿಬ್ಬರೂ ಬಂದೊಡನೆ ವಿಚಾರಣೆ ನಡೆಸಿದೆ. ಪೂಜೆಯ ಮನೆಯಲ್ಲಿ ಒಂದು ಕ್ಷಣವೂ ಬೇರೆಯಾಗಲಿಲ್ಲ ಎಂದರು. ಇಬ್ಬರು ಒಂದೇ ಮಾತು ಹೇಳಿದರೆ ನನ್ನ ಅನುಮಾನ ಹೆಚ್ಚುವುದೇ ರೂಢಿ. ಪ್ರತಿಭಾಳಿಂದ ತೇಪೆ ಒತ್ತಿಸಿ, ಬಿಟ್ಟ ಕೂಡಲೇ ಬಾಗಿಲಿಗೆ ಓಡು ಎಂದೆ. ಗುರುತು ಮಾಯವಾದಾಗ ಅವಳು ಕೋಣೆಯ ಪರದೆಯನ್ನೂ ದಾಟಿರಲಿಲ್ಲ.

“ತಲೆ ಸರಿ ಉಂಟಾ ನಿಮ್ಗೆ?” ಎಂದಳು. ದೊಡ್ಡಮ್ಮ ನನ್ನ ಕೈಗೆ ಪ್ರಸಾದ ಹಾಕಿದರು. ಅವರ ಬೆರಳುಗಳು ಎಷ್ಟು ಸಪೂರ ಎಂದು ಆಗ ಗಮನಿಸಿದೆ.

ಅರೆನಿದ್ದೆಯಲ್ಲಿ ಏನೋ ಕಂಡಿರಬೇಕು ಎಂದರು ಸರ್ಜನ್. ಹಾಗೇ ಇರಲಿ ಎಂದು ನನ್ನನ್ನು ನಾನೇ ಒಪ್ಪಿಸಲು ಎಷ್ಟೋ ಸಲ ನೋಡಿದ್ದೇನೆ, ಆಗಿಲ್ಲ. ಕಾಲು ಉಳಿಯಿತು, ಸ್ವಲ್ಪ ಎಳೆದುಕೊಂಡು ನಡೆಯುತ್ತೇನೆ. ಮನೆಯಲ್ಲಿ ಯಾರೂ ಇಲ್ಲದಾಗ ಕೆಲವೊಮ್ಮೆ ತೇಪೆಯ ಮೇಲೆ ನನ್ನ ಹೆಬ್ಬೆರಳು ಒತ್ತಿ ನೋಡುತ್ತೇನೆ. ಅಂದಿನ ಗುರುತು ಇದಕ್ಕಿಂತ ಅಗಲವಾಗಿತ್ತು. ಆಮೇಲೆ ತಲೆಯೆತ್ತಿ ಅಪ್ಪನ ಫೋಟೋ ನೋಡುತ್ತೇನೆ. ಅದು ಭುಜದವರೆಗಿನ ಫೋಟೋ, ಕೈಗಳು ಅದರಲ್ಲಿಲ್ಲ.