ಗಣಿಯವರು ತೋಡಿದ ಪಾಯ

ಗಣಿಯಲ್ಲಿ ದುಡಿಯುವವರ ಕೈಗೆ ಮನೆಯ ಪಾಯ ತೋಡುವ ಕೆಲಸ ಕೊಡಬಾರದು. ಇದು ನಾನು ಬಂಡ್ರಿಯಲ್ಲಿ ಕಲಿತ ಪಾಠ. ಕಲಿಯುವಷ್ಟರಲ್ಲಿ ತಡವಾಗಿತ್ತು. ನಮ್ಮ ಫೋರ್‌ಮನ್ ಆಗಲೇ ಗುಂಡಿಯೊಳಗೆ ಇಳಿದುಹೋಗಿದ್ದರು. ಮೇಲೆ ನಿಂತವರಿಗೆ ಅವರ ಹಳದಿ ಹೆಲ್ಮೆಟ್ ಮಾತ್ರ ಕಾಣುತ್ತಿತ್ತು. ಹೌದು, ಭಾನುವಾರ, ಊರೊಳಗೆ, ಪಾಯ ತೋಡಲಿಕ್ಕೂ ಅವರು ಹೆಲ್ಮೆಟ್ ಹಾಕಿಕೊಂಡೇ ಬಂದಿದ್ದರು.

ನಾನು ಸಂಡೂರಿನ ಬೆಟ್ಟದ ಮೇಲಿನ ಒಂದು ಕಬ್ಬಿಣದ ಗಣಿಯ ಲ್ಯಾಬಿನಲ್ಲಿದ್ದೇನೆ. ಅದಿರಿನಲ್ಲಿ ಕಬ್ಬಿಣವೆಷ್ಟು, ತೇವವೆಷ್ಟು ಎಂದು ನೋಡಿ ಹೇಳುವುದು ನನ್ನ ಕೆಲಸ. ಮನೆ ಹೊಸಪೇಟೆ. ಕಾಯುವುದೆಂದರೆ ನನಗೆ ಆಗದು. ಹಾಲು ಉಕ್ಕುವವರೆಗೂ ಒಲೆಯ ಮುಂದೆ ನಿಲ್ಲಲಾಗದೆ ಬೇರೆ ಕೆಲಸಕ್ಕೆ ಹೋಗಿ, ಹಾಲು ಉಕ್ಕಿಸಿ, ಮತ್ತೆ ಹಾಲಿನ ಮೇಲೇ ಸಿಟ್ಟಾಗುವವಳು ನಾನು.

ಲ್ಯಾಬಿನಲ್ಲಿ ನಮಗೆಲ್ಲ ಚಹಾ ಮಾಡಿಕೊಟ್ಟು, ನೆಲ ಒರೆಸಿ, ಮಾದರಿ ಹಾಕುವ ತಟ್ಟೆ ತೊಳೆದಿಡುವ ಒಬ್ಬ ಅಕ್ಕ ಇದ್ದಾಳೆ. ಊರು ಬಂಡ್ರಿ. ಗಂಡ ಲಾರಿಗೆ ಚೀಲ ಹೇರುವ ಹಮಾಲಿ. ಮನೆಯಲ್ಲಿ ವಯಸ್ಸಾದ ಅತ್ತೆ. ಇರುವ ಒಬ್ಬಳೇ ಮಗಳನ್ನು ಕಂಪ್ಲಿಗೆ ಕೊಟ್ಟಿದ್ದರು. ಆ ಮಳೆಗಾಲದಲ್ಲಿ ಅಕ್ಕನ ಕಲ್ಲು ಮಣ್ಣಿನ ಮಾಳಿಗೆ ಮನೆ ಕುಸಿದು ಬಿತ್ತು. ಪುಣ್ಯಕ್ಕೆ ಯಾರೂ ಒಳಗಿರಲಿಲ್ಲ. ಉಳಿದ ಒಂದು ಗೋಡೆಗೆ ತಾಡಪಾಲು ಕಟ್ಟಿಕೊಂಡು ಮೂವರೂ ಅದರಡಿಯಲ್ಲೇ ಇದ್ದರು. ಅಕ್ಕ ಇದನ್ನು ಯಾರಿಗೂ ಹೇಳಿರಲಿಲ್ಲ. ಮಗಳು ಬಸುರಿ ಎಂಬ ಸುದ್ದಿ ಬಂದ ದಿನ ಎಲ್ಲರಿಗೂ ಸಕ್ಕರೆ ಹಂಚಿದಳು. ಹಂಚುತ್ತಲೇ ಅತ್ತಳು. ಆಗ ಮಾತು ಹೊರಗೆ ಬಿತ್ತು.

ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು. ಏಳನೇ ತಿಂಗಳಲ್ಲಿ ಕುಬುಸ, ಅಂದರೆ ಸೀಮಂತ, ಮಾಡಿ ಮಗಳನ್ನು ಕರೆದುಕೊಂಡು ಬರಬೇಕು. ಆದರೆ ಕಂಪ್ಲಿಯ ಬೀಗರು, “ಮನೀನ ಇಲ್ಲಲ್ಲ, ಎಲ್ಲಿಗೆ ಕಳಸೋಣ?” ಎಂದಿದ್ದರಂತೆ. ಕೇಳಿದ್ದು ತಪ್ಪಲ್ಲ. ತಾಡಪಾಲಿನ ಅಡಿಗೆ ಸೊಸೆಯನ್ನು ಯಾರು ಕಳಿಸುತ್ತಾರೆ?

ನಾನು ಸಮಾಧಾನ ಹೇಳುವ ಹುಮ್ಮಸ್ಸಿನಲ್ಲಿ, “ಹೆಂಗೂ ಹೆರಿಗಿ ಆಸ್ಪತ್ರ್ಯಾಗ ಆಗ್ತದ ಅಕ್ಕ. ಆಕಿ ಕಂಪ್ಲಿಯಾಗ ಇದ್ರೇನು, ಇಲ್ಲಿದ್ರೇನು?” ಎಂದೆ.

ಅಕ್ಕ ಲೋಟ ತೊಳೆಯುವುದನ್ನು ನಿಲ್ಲಿಸಿದಳು. “ಹಡಿಯಾದು ದವಾಖಾನ್ಯಾಗ ಬಿಡ್ರಿ ಮೇಡಂ. ಹಡದ ಮ್ಯಾಲ ಮೂರು ತಿಂಗಳು ನನ್ನ ಕೈಯಾಗ ಇರ್ತಾಳ. ಬಿಸಿನೀರು ಎರಿತೀನಿ, ಉಣ್ಣಾಕ ನೀಡ್ತೀನಿ, ಮಲಗಸ್ತೀನಿ. ಆ ಮೂರು ತಿಂಗಳು ಆಕಿ ಮತ್ತ ನನ್ನ ಮಗಳು. ಅದು ದಾಟಿದ್ರ ಆಕಿ ತಾಯಿ, ಆಕಿ ಸೊಸಿ. ನನ್ನ ಪಾಳಿ ಅಲ್ಲಿಗೆ ಮುಗೀತು.”

ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನಂಬುತ್ತೀರೋ ಇಲ್ಲವೋ. ನನ್ನ ಮಗ ಹುಟ್ಟುವಷ್ಟರಲ್ಲಿ ನನ್ನ ಅವ್ವ ತೀರಿಕೊಂಡಿದ್ದಳು. ಆಸ್ಪತ್ರೆಯಿಂದ ಸೀದಾ ಬಾಡಿಗೆ ಮನೆಗೆ ಬಂದೆ. ನನ್ನ ಬಾಣಂತನವೆಂದರೆ ಗಂಡ ಫ್ಲಾಸ್ಕಿನಲ್ಲಿ ತುಂಬಿಟ್ಟು ಹೋಗುತ್ತಿದ್ದ ಬಿಸಿನೀರು. ಅವರ ತಪ್ಪೇನೂ ಇಲ್ಲ, ಗೊತ್ತಿದ್ದಷ್ಟು ಮಾಡಿದರು. ಆದರೂ ಆ ಫ್ಲಾಸ್ಕನ್ನು ನಾನು ಒಂದು ದಿನ ಬೇಕೆಂದೇ ಕೈತಪ್ಪಿಸಿ ಒಡೆದೆ. ಆ ಫ್ಲಾಸ್ಕಿನ ಕತೆಯನ್ನು ಅವತ್ತು ಅಕ್ಕನಿಗೂ ಹೇಳಿದೆ.

ಮನೆ ಕಟ್ಟಿಕೊಡೋಣ ಎಂದು ಮೊದಲು ಹೇಳಿದವರು ಫೋರ್‌ಮನ್. “ನಾವು ಗುಡ್ಡಾನ ಕರಗಿಸಿದ ಮಂದಿ, ಎರಡು ಖೋಲಿ ಮನಿ ಕಟ್ಟಾಕ ಆಗಂಗಿಲ್ಲೇನು?” ಎಂದರು. ಎಲ್ಲರೂ ಹೋ ಎಂದರು. ಕರಗಿಸುವುದಕ್ಕೂ ಕಟ್ಟುವುದಕ್ಕೂ ಇರುವ ವ್ಯತ್ಯಾಸ ಅವತ್ತು ಯಾರಿಗೂ ಹೊಳೆಯಲಿಲ್ಲ. ಸಿಮೆಂಟು, ತಗಡು, ಕಲ್ಲು ಎಂದು ಒಬ್ಬೊಬ್ಬರು ಒಂದೊಂದು ಹೊತ್ತುಕೊಂಡೆವು. ಬಂಡ್ರಿಯ ಒಬ್ಬ ಗೌಂಡಿ ಗೋಡೆ ಕಟ್ಟುವುದು, ನಾವು ರಜೆಯ ದಿನ ಹೋಗಿ ಮೈಮುರಿದು ದುಡಿಯುವುದು ಎಂದಾಯಿತು.

ಮೊದಲ ಭಾನುವಾರ ಗೌಂಡಿ ದಾರ ಕಟ್ಟಿ, ಸುಣ್ಣದ ಗೆರೆ ಎಳೆದು, “ಸೊಂಟದ ಮಟ ತೋಡ್ರಿ, ಸಾಕು” ಎಂದು ಹೇಳಿ ಒಂದು ಮದುವೆಗೆ ಹೋದ. ನಮ್ಮವರು ಹಾರೆ, ಗುದ್ದಲಿ ಹಿಡಿದರು. ದಿನವೆಲ್ಲ ದೊಡ್ಡ ಯಂತ್ರದ ಕ್ಯಾಬಿನ್ನಿನಲ್ಲಿ ಕೂತು ಕೋಲು ಆಡಿಸಿ ಮಣ್ಣೆತ್ತುವ ಆಪರೇಟರ್ ಒಬ್ಬ ಮೊದಲು ಕೈಗೆ ಬೊಬ್ಬೆ ಬಂತೆಂದು ಗೋಳಾಡಿದ. ಆಮೇಲೆ ಅವನಿಗೆ ಮೈಮೇಲೆ ಬಂದಂತಾಯಿತು. ಸೊಂಟದ ಮಟ್ಟ ಬಂತು, ದಾಟಿತು. ನಾನು ಪುಟ್ಟಿಯಲ್ಲಿ ಮಣ್ಣು ಹೊರುತ್ತ, “ಇನ್ನೂ ಎಷ್ಟ್ರಿ?” ಎಂದರೆ ಒಳಗಿನಿಂದ, “ಗಟ್ಟಿ ನೆಲ ಹತ್ತಲಿ ಮೇಡಂ” ಎಂದು ಫೋರ್‌ಮನ್ ಕೂಗುತ್ತಿದ್ದರು. ಗಣಿಯಲ್ಲಿ ಹಾಗೆಯೇ. ಬೇಕಾದ್ದು ಹತ್ತುವವರೆಗೆ ಯಾರೂ ನಿಲ್ಲಿಸುವುದಿಲ್ಲ, ನಿಲ್ಲಿಸಿದವನನ್ನು ಬೈಯುತ್ತಾರೆ. ನನಗೂ ಕೆಲಸ ಭರದಿಂದ ಸಾಗುತ್ತಿದೆ ಎಂದು ಖುಷಿಯೇ ಆಗಿತ್ತು. ಬೇಗ ಬೇಗ ಎಂದು ಹುರಿದುಂಬಿಸಿದವಳೂ ನಾನೇ.

ಸಂಜೆ ಮದುವೆಯೂಟ ಮುಗಿಸಿ ಎಲೆ ಅಡಿಕೆ ಜಗಿಯುತ್ತ ಬಂದ ಗೌಂಡಿ ಗುಂಡಿಯ ಅಂಚಿಗೆ ನಿಂತು ಬಗ್ಗಿ ನೋಡಿದ. ಜಗಿಯುವುದು ನಿಂತಿತು.

“ಏನ್ರಪಾ ಇದು? ಮನಿ ಕಟ್ಟಾಕತ್ತೀರೋ, ಬಾವಿ ತೋಡಾಕತ್ತೀರೋ?”

ತೆಗೆದ ಮಣ್ಣನ್ನೇ ಮತ್ತೆ ತುಂಬಿದರಾಯಿತು ಎಂದು ನಾನು ಅಂದೆ. ಸಡಿಲ ಮಣ್ಣಿನ ಮೇಲೆ ಗೋಡೆ ಎಬ್ಬಿಸಿದರೆ ಮುಂದಿನ ಮಳೆಗೆ ಅದೂ ಬೀಳುತ್ತದೆ, ಇನ್ನು ತಳದಿಂದ ಕಲ್ಲೇ ಕಟ್ಟಿಕೊಂಡು ಬರಬೇಕು ಎಂದು ಅವನು ಹೇಳಿದ. ಇಡೀ ಪಾಯಕ್ಕೆಂದು ತಂದಿದ್ದ ಕಲ್ಲು ಆ ಗುಂಡಿಯ ತಳಕ್ಕೂ ಸಾಲಲಿಲ್ಲ. ಮಣ್ಣಿನ ರಾಶಿಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ ಅಕ್ಕನ ಅತ್ತೆ ಮಾತ್ರ, “ನನ್ನ ಮಣ್ಣು ಮಾಡಾಕ ಇಷ್ಟು ಆಳ ಬ್ಯಾಡಾಗಿತ್ತಲೋ” ಎಂದು ಫೋರ್‌ಮನ್‌ಗೆ ಹೇಳಿದಳು. ಅವರು ನಗಲೂ ಆಗದೆ ಅಳಲೂ ಆಗದೆ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಆಮೇಲಿನ ವಾರಗಳು ಕಲ್ಲು ತುಂಬುವುದರಲ್ಲೇ ಹೋದವು. ಎಷ್ಟು ತಂದರೂ ಸಾಲದೆ ಕೊನೆಗೆ ಬಿದ್ದ ಹಳೇ ಮನೆಯ ಕಲ್ಲನ್ನೂ ಎತ್ತಿ ಹಾಕಿದೆವು. ಭಾನುವಾರ ಮನೆಗೆ ಹಂಪಿ ನೋಡಲು ನೆಂಟರು ಬರುತ್ತಿದ್ದರು. ಅವರನ್ನು ಗಂಡನ ತಲೆಗೆ ಕಟ್ಟಿ ನಾನು ಬಂಡ್ರಿಯ ಬಸ್ಸು ಹತ್ತುತ್ತಿದ್ದೆ. “ಅಲ್ಲಿ ಹಾಳುಬಿದ್ದದ್ದನ್ನ ನೋಡಾಕ ಮಂದಿ ಬರ್ತಾರ, ನೀನು ಕಟ್ಟಾಕ ಹೊಂಟಿ” ಎಂದು ಗಂಡ ಅಣಕಿಸುತ್ತಿದ್ದರು. ಪಾಯ ನೆಲದ ಮಟ್ಟಕ್ಕೆ ಬಂದು ಗೋಡೆ ಶುರುವಾದಾಗ ನನಗೆ ಇನ್ನೊಂದು ಕಾಟ. ಕಟ್ಟಿದ ಗೋಡೆಗೆ ದಿನವೂ ನೀರು ಕುಡಿಸಬೇಕು, ಅದು ಬಿಗಿಯುವವರೆಗೆ ಮೇಲೇರಿಸುವಂತಿಲ್ಲ. ನಾನು ಅವಸರ ಮಾಡಿದರೆ ಗೌಂಡಿ, “ನೀವು ಹೊಸಪ್ಯಾಟಿಗೆ ಹೋಗ್ರಿ ಮೇಡಂ, ನೀವಿದ್ರ ನನ್ನ ಗ್ವಾಡೀನೂ ಗಾಬರಿ ಆಗ್ತದ” ಎನ್ನುತ್ತಿದ್ದ.

ಏಳನೇ ತಿಂಗಳು ಬಂದೇ ಬಿಟ್ಟಿತು. ಗೋಡೆ ಆಗ ಕಿಟಕಿಯ ಮಟ್ಟದಲ್ಲಿತ್ತು. ಅಕ್ಕ ಹಸಿರು ಸೀರೆ, ಬಳೆ, ಐದು ಬಗೆಯ ಉಂಡಿ ಕಟ್ಟಿಕೊಂಡು ಕಂಪ್ಲಿಗೆ ಹೋಗಿ ಕುಬುಸ ಮಾಡಿ, ಮಗಳನ್ನು ಅಲ್ಲೇ ಬಿಟ್ಟು ಒಬ್ಬಳೇ ವಾಪಸು ಬಂದಳು. ಎಂಟನೇ ತಿಂಗಳಲ್ಲಿ ಬಸುರಿಯನ್ನು ಕರೆತರುವ ಪದ್ಧತಿಯಿಲ್ಲ. ಇನ್ನು ಒಂಬತ್ತೇ. ಮರುದಿನ ಲ್ಯಾಬಿನಲ್ಲಿ ಅವಳು ಕೊಟ್ಟ ಚಹಾಕ್ಕೆ ಸಕ್ಕರೆ ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ. ನಾವೆಲ್ಲ ತುಟಿಪಿಟಕ್ಕೆನ್ನದೆ ಕುಡಿದೆವು. ಫೋರ್‌ಮನ್ ಅಂತೂ ಎರಡು ಲೋಟ ಕುಡಿದರು, ಶಿಕ್ಷೆ ಅನುಭವಿಸುವವರ ಹಾಗೆ.

ಆಮೇಲೆ ನಮ್ಮವರಿಗೆ ಭಾನುವಾರ ಸಾಲದಾಯಿತು. ಮೊದಲ ಪಾಳಿ ಮುಗಿಸಿದವರು ಮನೆಗೆ ಹೋಗದೆ ಬಂಡ್ರಿಗೆ ಹೋಗುತ್ತಿದ್ದರು. ಆಪರೇಟರ್‌ನ ಕೈಯ ಬೊಬ್ಬೆಗಳು ಒಡೆದು ಗಟ್ಟಿಯಾಗಿದ್ದವು. ಗೋಡೆ ಎದ್ದಿತು, ತಗಡು ಏರಿತು, ಬಾಗಿಲು ಕೂತಿತು, ಒಳಗೋಡೆಗೆ ಗಿಲಾವು ಬಳಿದಾಯಿತು. ಒಂಬತ್ತು ತುಂಬಲು ಬಂದಿತ್ತು.

ಆಗ ಕಂಪ್ಲಿಯಿಂದ ಬೀಗತಿ, ಅಂದರೆ ಮಗಳ ಅತ್ತೆ, ಮನೆ ನೋಡಲು ಬಂದರು. ಗಟ್ಟಿ ಹೆಂಗಸು, ಕಡಿಮೆ ಮಾತು. ನಾವೆಲ್ಲ ಗೋಡೆಯ ಪಕ್ಕ ಸಾಲಾಗಿ ನಿಂತೆವು. ಅವರು ಎರಡೂ ಖೋಲಿ ತಿರುಗಿದರು. ಒಳಗಿನ ಖೋಲಿಯ ಗೋಡೆಗೆ ಅಂಗೈ ಒತ್ತಿ ಹಿಡಿದರು. ತೇವ ನೋಡುವುದೇ ನನ್ನ ಕಸುಬು, ಆ ಗೋಡೆ ಏನು ಹೇಳುತ್ತದೆಂದು ನನಗೆ ಗೊತ್ತಿತ್ತು.

“ಗ್ವಾಡಿ ಹಸಿ ಐತಿ” ಎಂದರು ಬೀಗತಿ. “ಥಂಡಿ ಮನ್ಯಾಗ ಬಾಣಂತಿ ಇಡಾಕ ಬರಂಗಿಲ್ಲ.”

ಅಕ್ಕ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಏನಾದರೂ ಹೇಳಬೇಕೆಂದು ಫೋರ್‌ಮನ್ ಗಂಟಲು ಸರಿಮಾಡಿಕೊಂಡು, “ಪಾಯ ಮಾತ್ರ ಭಾಳ ಆಳ ಐತ್ರಿ” ಎಂದರು.

“ಎಷ್ಟು ಆಳ?”

ಅವರು ಕೈಯನ್ನು ತಲೆಯ ಮೇಲಕ್ಕೆ ಎತ್ತಿ ತೋರಿಸಿದರು.

“ಅಷ್ಟ್ಯಾಕ್ರಿ?”

“ತೋಡಾದು ಗೊತ್ತಿತ್ರಿ ನಮಗ. ನಿಲ್ಲಸಾದು ಗೊತ್ತಿರಲಿಲ್ಲ.”

ಬೀಗತಿ ಒಂದು ಗಳಿಗೆ ಅವರ ಮುಖವನ್ನೇ ನೋಡಿದರು. ಆಮೇಲೆ ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಹೊರಬಂದು ಅಕ್ಕನ ಕೈ ಹಿಡಿದು, “ಹೆರಿಗಿ ಹೊಸಪ್ಯಾಟ್ಯಾಗ ಆಗ್ಲೆವ್ವ. ಅಷ್ಟರಾಗ ಗ್ವಾಡಿ ಒಣಗಿತಂದ್ರ ದವಾಖಾನಿಂದ ಸೀದಾ ಇಲ್ಲಿಗೇ ಕರಕೊಂಡು ಬಾ. ಒಣಗಲಿಲ್ಲಂದ್ರ ನಾ ಒಯ್ತೀನಿ” ಎಂದರು.

ಹಸಿ ಗೋಡೆಯನ್ನು ಅವಸರಪಡಿಸಲು ಬರುವುದಿಲ್ಲ. ನನ್ನ ಜೀವನದಲ್ಲಿ ಅಷ್ಟು ಚಡಪಡಿಸಿದ್ದು ಬೇರೆ ಯಾವಾಗಲೂ ಇಲ್ಲ. ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ ಖೋಲಿಯೊಳಗಿಟ್ಟೆವು. ಆಪರೇಟರ್ ಮನೆಯ ಟೇಬಲ್ ಫ್ಯಾನ್ ತಂದ. ನಾನು ಗಿಲಾವನ್ನು ಮೂಲೆಯಲ್ಲಿ ಚೂರು ಕೆರೆದು ಕಾಗದದಲ್ಲಿ ಕಟ್ಟಿ ತಂದು ಲ್ಯಾಬಿನಲ್ಲಿ ಅದಿರಿನ ಹಾಗೆ ತೂಗಿ, ಒಣಗಿಸಿ, ಮತ್ತೆ ತೂಗಿ ನೋಡಿದೆ. ಗೌಂಡಿಗೆ ಇದು ಗೊತ್ತಾಗಿ ಗೋಡೆ ಕೆರೆದಿದ್ದಕ್ಕೆ ನನ್ನ ಮೇಲೆ ಹಾರಾಡಿದ. ಕೆಲಸಕ್ಕೆ ಬಂದದ್ದು ಇದ್ಯಾವುದೂ ಅಲ್ಲವೋ ಏನೋ. ಬಿಸಿಲು ಏರುವ ಕಾಲ ಅದು. ಬಳ್ಳಾರಿ ಸೀಮೆಯ ಬಿಸಿಲಿಗೆ ನಾನು ಮೊದಲ ಬಾರಿ ಒಳ್ಳೆಯ ಮಾತು ಹೇಳಿದೆ.

ಹೆಣ್ಣು ಮಗು ಹುಟ್ಟಿತು. ಬೀಗತಿ ಆಸ್ಪತ್ರೆಯಿಂದ ಬಂಡ್ರಿಗೆ ತಾವೇ ಜೊತೆಗೆ ಬಂದು, ಮತ್ತೆ ಗೋಡೆಗೆ ಅಂಗೈ ಒತ್ತಿ ನೋಡಿ, ಮಾತಾಡದೆ ಮಗುವನ್ನು ಅಕ್ಕನ ಕೈಗೆ ಕೊಟ್ಟರಂತೆ. ನಾನು ಅಲ್ಲಿರಲಿಲ್ಲ, ಪಾಳಿಯಲ್ಲಿದ್ದೆ. ಅವತ್ತು ಮೂರು ಮಾದರಿಗಳ ಲೆಕ್ಕ ತಪ್ಪಿ ಮತ್ತೆ ಮಾಡಬೇಕಾಯಿತು.

ಮುಂದಿನ ಭಾನುವಾರ ಮಗುವಿಗೆ ಕುಲಾವಿ, ಬಾಣಂತಿಗೆ ಖಾರಿಕ, ತುಪ್ಪ ಹಿಡಿದುಕೊಂಡು ಹೋದೆ. ನೋಡಿ, ಕೊಟ್ಟು, ಅದೇ ಬಸ್ಸು ಊರಮ್ಮನ ಗುಡಿಯ ತನಕ ಹೋಗಿ ತಿರುಗಿ ಬರುವಷ್ಟರಲ್ಲಿ ಹೊರಡುವುದೆಂದು ಲೆಕ್ಕ ಹಾಕಿದ್ದೆ. ಅಕ್ಕನ ಅತ್ತೆ, ಆ ಅಜ್ಜಿ, ಹೊಸ್ತಿಲಲ್ಲೇ ತಡೆದು ಕೈಕಾಲು ತೊಳೆಸಿದಳು. ಬಚ್ಚಲಿನಿಂದ ಹೊಗೆಯ ಹಾಗೆ ಹಬೆ ಬರುತ್ತಿತ್ತು. ಅಕ್ಕ ಮಗಳಿಗೆ ಎರೆದು ಮುಗಿಸಿ, ತಲೆಗೆ ಬಟ್ಟೆ ಕಟ್ಟಿ, ಒಳಗಿನ ಖೋಲಿಯ ಹೊರಸಿನ ಮೇಲೆ ಮಲಗಿಸಿ ಕಂಬಳಿ ಹೊದಿಸಿದಳು. ಆ ಹುಡುಗಿ ಬಿಸಿನೀರಿಗೆ ಕೆಂಪಾಗಿ, ಕಣ್ಣು ಮುಚ್ಚಿಕೊಂಡು, ತಾಯಿಯಾದವಳು ಎಂದು ಹೇಳಲಾಗದಷ್ಟು ಸಣ್ಣವಳಾಗಿ ಕಂಡಳು. ನೋಡಲಾಗದೆ ನಾನು ಗಡಿಯಾರ ನೋಡಿದೆ.

“ಬರ್ತೀನಿ ಅಕ್ಕ, ಬಸ್ ಹೋಗ್ತದ.”

ಅಕ್ಕ ಒದ್ದೆ ಸೀರೆ ಮೊಣಕಾಲಿಗೆ ಸಿಕ್ಕಿಸಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. “ಹಂಡ್ಯಾಗ ಇನ್ನಾ ನೀರು ಅದಾವ” ಎಂದಳು.

“ಇರ್ಲಿ, ಯಾರಿಗೆ?”

“ನಿಮಗ.”

ನನಗೆ ನಗು ಬಂತು. “ನನ್ನ ಮಗ ಕಾಲೇಜಿಗೆ ಹೋಗ್ತಾನ ಅಕ್ಕ.”

“ಹೋಗ್ಲಿ. ನೀರು ಕಾದಾವ.”

ಹೊರಗೆ ಬಸ್ಸಿನ ಹಾರನ್ ಕೇಳಿಸಿತು. ನಾನು ಚೀಲ ಎತ್ತಿಕೊಂಡೆ. ಅಕ್ಕ ನನ್ನ ಕೈಯಿಂದ ಚೀಲ ತೆಗೆದು ಅಜ್ಜಿಯ ಪಕ್ಕಕ್ಕಿಟ್ಟಳು. “ಬಾ ಯವ್ವ, ಕುಂದ್ರು” ಎಂದು ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಂಡಳು.

ಬಚ್ಚಲ ಕಲ್ಲಿನ ಮೇಲೆ ಕೂತೆ. ಬೆನ್ನಿಗೆ ಎಣ್ಣೆ ಹಚ್ಚಿದಳು, ಹಮಾಲಿಯ ಹೆಂಡತಿಯ ಕೈ, ಎಲುಬು ಸಿಕ್ಕಲ್ಲೆಲ್ಲ ಒತ್ತಿತು. ಮೊದಲ ಚೊಂಬು ಬಿದ್ದಾಗ ಸುಟ್ಟುಹೋಯಿತೆಂದು ಚೀರಿ ಮೇಲೇಳಲು ಹೋದೆ. ಅವಳು ಹೆಗಲ ಮೇಲೆ ಅಂಗೈ ಒತ್ತಿ ಕೂರಿಸಿದಳು. ಎರಡನೆಯದಕ್ಕೆ ಏಳಲಿಲ್ಲ. ಮೂರನೆಯದಕ್ಕೆ ಅಳು ಬಂತು, ಅವ್ವ ಎಂದು ಬಾಯಿಬಿಟ್ಟು ಅತ್ತೆ. ಅಕ್ಕ, “ತಲಿ ಬಗ್ಗಸು” ಎಂದು ಮತ್ತೆ ಚೊಂಬು ಅದ್ದಿದಳು.