ಹಣಿಗೆ ಕಚ್ಚಿದ ನವಿಲು

ಊರಿಗೊಂದು ದೆವ್ವದ ಕಥೆ ಇರುತ್ತದೆ, ಅದನ್ನು ಕಣ್ಣಾರೆ ಕಂಡವರು ಮಾತ್ರ ಯಾವಾಗಲೂ ಪಕ್ಕದ ಊರಿನಲ್ಲಿರುತ್ತಾರೆ. ಗೆಳತಿಯರನ್ನು ರೇಗಿಸಲು ನಾನು ಹೇಳುತ್ತಿದ್ದ ಮಾತಿದು. ಈಗ ನಾನೇ ಒಂದು ಸಂಗತಿ ಹೇಳಲು ಕುಳಿತಿದ್ದೇನೆ, ನಗುವವರು ನಗಲಿ. ಇದರಲ್ಲಿ ದೆವ್ವವಿಲ್ಲ, ಕತ್ತಲೆಯೂ ಇಲ್ಲ. ನಡೆದದ್ದು ಹಾಡಹಗಲು. ನಂಬಿ ಎಂಬ ಒತ್ತಾಯವಿಲ್ಲ, ಯಾಕೆಂದರೆ ನಾನೇ ಇನ್ನೂ ಪೂರ್ತಿ ನಂಬಿಲ್ಲ.

ಆಗ ನಾನು ಕಲಬುರಗಿಯಲ್ಲಿ ಚಿತ್ರಕಲೆಯ ಎಂ.ಎ. ಕೊನೆಯ ವರ್ಷದಲ್ಲಿದ್ದೆ. ಶಹಾಬಜಾರದ ಓಣಿಯೊಂದರಲ್ಲಿ, ಮಾಳಿಗೆ ಮೇಲಿನ ಕೋಣೆಯಲ್ಲಿ, ಸಹಪಾಠಿ ಮಹಾದೇವಿಯ ಜೊತೆ ಬಾಡಿಗೆಗಿದ್ದೆ. ಕಲೆಯ ಇತಿಹಾಸ, ಸಂಸ್ಕೃತಿಯ ಸಿದ್ಧಾಂತಗಳು ಎಂದು ಓದಿ ಓದಿ ತಲೆ ತುಂಬಿತ್ತು. ಕುಂಚ ಹಿಡಿದರೆ ಕೈ ಮಾತ್ರ ಅಲ್ಲಾಡುತ್ತಿರಲಿಲ್ಲ. ಒಂದು ಗೆರೆ ಎಳೆಯುವ ಮೊದಲೇ ಇದು ಯಾರ ಗೆರೆ, ಯಾವ ಕಾಲದ್ದು, ಎಳೆಯಲು ನನಗೇನು ಹಕ್ಕು ಎಂಬ ಪ್ರಶ್ನೆಗಳು ಎದ್ದು ನಿಲ್ಲುತ್ತಿದ್ದವು. ಶಾಲೆಯ ದಿನಗಳಲ್ಲಿ ಕಂಡದ್ದೆಲ್ಲ ಬಿಡಿಸುತ್ತಿದ್ದವಳು ಈಗ ಒಂದು ಗುಲಾಬಿ ಹೂವಿಗೂ ಹೆದರುವಂತಾಗಿದ್ದೆ. ನಮ್ಮ ಗೈಡ್ ಮೇಡಂ ಅವರದ್ದೊಂದು ನಿಯಮವೂ ಇತ್ತು: ಚಿತ್ರದಲ್ಲಿ ಏನೇ ಬಂದರೂ ಅದರ ಮೂಲ ಹೇಳಬೇಕು. ಸುಮ್ಮನೆ ಬಂತು ಎಂದರೆ ಅವರು ಒಪ್ಪುತ್ತಿರಲಿಲ್ಲ.

ಅಂಥ ದಿನಗಳಲ್ಲಿ ಒಂದು ದೊಡ್ಡ ಕ್ಯಾನ್ವಾಸಿನ ಮೇಲೆ, ಸುಣ್ಣದಂಥ ಬಿಳುಪಿನಲ್ಲಿ, ಕೆಮ್ಮಣ್ಣಿನ ಬಣ್ಣದ ನವಿಲೊಂದು ಬಂತು. ಅಂಚಿನ ಹೂವುಗಳನ್ನು ಊರಿನ ಹಳೆಯ ಗುಮ್ಮಟಗಳ ಗಾರೆ ಕೆಲಸದಿಂದ ತೆಗೆದುಕೊಂಡಿದ್ದೆ, ಅದಕ್ಕೆ ಮೂಲವಿತ್ತು. ನವಿಲಿಗೆ ಇರಲಿಲ್ಲ. ಅದು ಕುತ್ತಿಗೆ ಹೊರಳಿಸಿ ಹಿಂದಕ್ಕೆ ನೋಡುತ್ತಿತ್ತು. ಕೊಕ್ಕಿನಲ್ಲಿ ಒಂದು ಹಣಿಗೆ ಕಚ್ಚಿಕೊಂಡಿತ್ತು. ತಲೆ ಬಾಚುವ ಕಟ್ಟಿಗೆಯ ಹಣಿಗೆ, ನಡುವೆ ಎರಡು ಹಲ್ಲು ಇಲ್ಲದ್ದು. ಸರಿಮಾಡಲು ಕುಂಚ ಎತ್ತಿದವಳು ಹಾಗೇ ಬಿಟ್ಟೆ. ಚಿತ್ರ ಮುಗಿಯಿತು ಎಂದುಕೊಂಡ ಮೇಲೆ ಒಂದು ಮಧ್ಯಾಹ್ನ ಮತ್ತೆ ಎದ್ದು, ಹಿಂದೆ ಹೊರಳಿದ್ದ ಕುತ್ತಿಗೆಯನ್ನು ಒರೆಸಿ, ಮೇಲೆ ಬಿಳಿ ಹಚ್ಚಿ, ಮುಖವನ್ನು ಹಣಿಗೆ ಸಮೇತ ಮುಂದಕ್ಕೆ ತಿರುಗಿಸಿ ಬರೆದೆ. ಹಳೆಯ ಕುತ್ತಿಗೆ ಬಿಳುಪಿನ ಅಡಿಯಲ್ಲಿ ಮಸುಕಾಗಿ ಉಳಿಯಿತು. ಎರಡು ವರ್ಷದಲ್ಲಿ ನಾನು ಬರೆದದ್ದರಲ್ಲಿ ಜೀವವಿದ್ದ ಚಿತ್ರ ಅದೊಂದೇ ಎಂದು ನನಗೆ ಗೊತ್ತಿತ್ತು.

ಮೇಡಂ ಬಹಳ ಹೊತ್ತು ನೋಡಿದರು. "ನವಿಲು ಛಂದ ಬಂದದ. ಆದ್ರ ಎಲ್ಲಿಂದ ಬಂತು? ಬಾಯಾಗ ಹಣಿಗಿ ಯಾಕ ಹಿಡದದ? ಎಲ್ಲೋ ನೋಡಿರ್ತಿ, ಮರ್ತಿರ್ತಿ. ಹುಡುಕು. ಸಿಗಲಿಲ್ಲಂದ್ರ ಇದು ಪ್ರದರ್ಶನಕ್ಕ ಬ್ಯಾಡ," ಎಂದರು. ನನಗೆ ಅಳುವೇ ಬಂತು. ಆ ಚಿತ್ರ ಬಿಟ್ಟರೆ ತೋರಿಸಲು ನನ್ನ ಬಳಿ ಇದ್ದದ್ದು ಬರೀ ಓದು.

ಮಹಾದೇವಿ ಸಮಾಧಾನ ಮಾಡಿದಳು. "ಕಮಲಾಪುರದಾಗ ನಮ್ಮ ಆಯಿ ಇದ್ದಾಳ. ಅಲ್ಲಿ ಹಳೇ ಮನಿ ಭಾಳ ಅವ, ಗೋಡಿಮ್ಯಾಲ ಚಿತ್ರಾನೂ ಅವ. ನಡಿ, ನಿನ್ನ ನವಿಲಿನ ತವರುಮನಿ ಹುಡುಕೂಣು." ಮರುದಿನವೇ ಬಸ್ಸು ಹತ್ತಿದೆವು.

ಅವಳ ಅಜ್ಜಿ ಶಾಂತಾಬಾಯಿ ಗಟ್ಟಿ ಮುದುಕಿ. ನಾನು ಕೂತುಕೊಳ್ಳುವ ಮೊದಲೇ ಒಂದು ಕೆಂಪು ಬಾಳೆಹಣ್ಣು ಕೈಗಿಟ್ಟರು, ತಿಂದು ಮುಗಿಸುವ ಮೊದಲೇ ಇನ್ನೊಂದು. ಬಂದ ಕೆಲಸ ಹೇಳಿ, ಮೊಬೈಲಿನಲ್ಲಿದ್ದ ನನ್ನ ಚಿತ್ರ ತೋರಿಸಿದೆ. ಇಂಥದ್ದು ಯಾವ ಮನೆಯ ಗೋಡೆಯ ಮೇಲಾದರೂ ಇದೆಯೇ ಎಂದು ಕೇಳಬೇಕಿತ್ತು. ಕೇಳುವುದರೊಳಗೆ ಅವರ ಮುಖ ಬದಲಾಯಿತು.

"ಇದನ್ನ ಯಾರು ತೋರಿಸ್ಯಾರ ನಿನಗ?"

"ಯಾರೂ ಇಲ್ರಿ ಆಯಿ, ನಾನೇ ಬರ್ದೀನಿ."

"ಬರ್ದಿ ಖರೆ. ನೋಡಿದ್ದೆಲ್ಲಿ?"

ನನ್ನ ಉತ್ತರಕ್ಕೆ ಕಾಯದೆ ಅವರು ಎದ್ದು ಒಳಗೆ ನಡೆದರು. ಕಾಳು ಇಡುವ ಕೋಣೆ ಅದು. ಗೋಡೆಗೆ ಒಟ್ಟಿದ್ದ ಜೋಳದ ಚೀಲಗಳನ್ನು ಸರಿಸಲು ನಮ್ಮಿಬ್ಬರಿಗೆ ಹೇಳಿದರು. ಹಿಂದೆ ಬರೀ ಬಿಳಿ ಗೋಡೆ. ಶಾಂತಾಬಾಯಿ ಒಂದು ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಮಗುವಿನ ಮೈ ಒರೆಸುವಂತೆ ಮೆಲ್ಲಗೆ ಗೋಡೆ ಒರೆಸತೊಡಗಿದರು. ಸುಣ್ಣದ ಮನೆಯಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ಒಂದೇ ಕೈ ಬಳಿದ ಸುಣ್ಣ ನೆನೆದರೆ ಅಡಿಯಲ್ಲಿರುವುದು ತೋರುತ್ತದೆ, ಒಣಗಿದರೆ ಮತ್ತೆ ಬಿಳುಪು.

ಮೊದಲು ಕಂಡದ್ದು ಗರಿ. ಆಮೇಲೆ ಕಾಲು, ಎದೆ, ಹಿಂದಕ್ಕೆ ಹೊರಳಿದ ಕುತ್ತಿಗೆ. ಕೊಕ್ಕಿನಲ್ಲಿ ಹಣಿಗೆ. ಹಣಿಗೆಯ ನಡುವೆ ಎರಡು ಹಲ್ಲು ಇರಲಿಲ್ಲ.

ಹೆದರಿದೆನೇ ಎಂದು ಕೇಳಿದರೆ, ಇಲ್ಲ. ಗುರುತಿನವರನ್ನು ಬೇರೆ ಊರಿನ ಸಂತೆಯಲ್ಲಿ ಕಂಡ ಹಾಗಾಯಿತು. ಮಹಾದೇವಿ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಹುಟ್ಟಿದಾಗಿನಿಂದ ಆ ಕೋಣೆಯಲ್ಲಿ ಓಡಾಡಿದ ಅವಳಿಗೂ ಅದು ಗೊತ್ತಿರಲಿಲ್ಲ.

ಶಾಂತಾಬಾಯಿ ಚೀಲದ ಮೇಲೆ ಕುಳಿತು ಹೇಳಿದರು. ಹಿಂದೆ ಆ ಮನೆಯಲ್ಲಿ ಹೊಸ ಸೊಸೆ ಬಂದಾಗ ಅತ್ತೆಯಾದವಳು ಗೋಡೆಗೆ ಒಂದು ನವಿಲು ಬರೆಯುವ ಪದ್ಧತಿ. ಸೊಸೆ ತವರಿನಿಂದ ತಂದ ಒಂದು ವಸ್ತುವನ್ನು ಅದರ ಕೊಕ್ಕಿನಲ್ಲಿ ಬರೆಯುತ್ತಾಳೆ. ನವಿಲು ಹಿಂದಕ್ಕೆ, ತವರಿನ ಕಡೆಗೆ, ನೋಡುತ್ತಿರುತ್ತದೆ. ಇವಳಿನ್ನು ಈ ಮನೆಯವಳು ಎಂದು ಅತ್ತೆಗೆ ಅನ್ನಿಸಿದ ದಿನ ಹಳೆಯ ಕುತ್ತಿಗೆ ಅಳಿಸಿ ಮುಖವನ್ನು ಮುಂದಕ್ಕೆ ತಿರುಗಿಸುತ್ತಾಳೆ. ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಸೊಸೆ ನೋಡಿ ತಿಳಿದುಕೊಳ್ಳಬೇಕು.

ಶಾಂತಾಬಾಯಿ ತಂದದ್ದು ತೀರಿಹೋದ ತಾಯಿಯ ಹಣಿಗೆ. ಹಲ್ಲು ಮುರಿದ ಹಣಿಗೆ ತಂದಳೆಂದು ನೆರೆದ ಹೆಂಗಸರು ನಕ್ಕರಂತೆ. ಅತ್ತೆ ನಗಲಿಲ್ಲ, ಆದರೆ ಮುರಿದ ಹಲ್ಲನ್ನೂ ಬಿಡದೆ ಹಾಗೆಯೇ ಬರೆದರು. ಹಂಗಿಸಲು ಬರೆದರೋ ಅಕ್ಕರೆಯಿಂದ ಬರೆದರೋ, ಸೊಸೆಗೆ ತಿಳಿಯಲಿಲ್ಲ. ಅತ್ತೆ ಮಾತು ಕಡಿಮೆಯ ಹೆಂಗಸು. ವರ್ಷ ತುಂಬುವುದರೊಳಗೆ ಅವರು ತೀರಿಕೊಂಡರು. ಸೂತಕ ಕಳೆದು ಸುಣ್ಣ ಬಳಿಯುವಾಗ ನವಿಲೂ ಮುಚ್ಚಿಹೋಯಿತು, ಹಿಂದಕ್ಕೆ ನೋಡುತ್ತಲೇ. ಅಲ್ಲಿಗೆ ಚೀಲ ಒಟ್ಟಿಸಿ, ಆ ಗೋಡೆಗೆ ಮತ್ತೆ ಸುಣ್ಣ ಬೀಳದಂತೆ ಮಾಡಿದವರು ಶಾಂತಾಬಾಯಿಯೇ.

"ಮಕ್ಕಳನ್ನ ಹಡದೆ, ಮೊಮ್ಮಕ್ಕಳನ್ನ ಕಂಡೆ, ಮನಿ ಕೀಲಿ ನನ್ನ ಸೊಂಟದಾಗ ಅದ. ಆದ್ರೂ ಈ ಖೋಲಿಗೆ ಬಂದ್ರ ಮಂದಿ ಮನ್ಯಾಗ ನಿಂತಂಗ ಆಗ್ತದ ಯವ್ವ. ಯಾರ ಮುಂದ ಹೇಳ್ಲಿ?"

ಗೋಡೆ ಒಣಗುತ್ತ ಬಂದಿತ್ತು. ಅವರು ಮತ್ತೆ ಮೊಬೈಲು ಕೇಳಿ ತೆಗೆದುಕೊಂಡರು. ಮಹಾದೇವಿ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ತೋರಿಸಿದಳು. ಮುಂದೆ ನೋಡುವ ಮುಖ, ಅದರ ಹಿಂದೆ ಬಿಳುಪಿನಡಿ ಮಸುಕಾದ ಹಳೆಯ ಕುತ್ತಿಗೆ. ಮುದುಕಿ ಆ ಕುತ್ತಿಗೆಯ ಮೇಲೆ ಬೆರಳಿಟ್ಟರು.

"ನಮ್ಮತ್ತಿ ತಿರುಗಿಸ್ಯಾಳ," ಎಂದರು.

"ಆಯಿ, ಅದು ನಾ ತಿರುಗಿಸಿದ್ದು," ಎಂದೆ. ಸುಳ್ಳು ಆಸೆ ಹುಟ್ಟಿಸಬಾರದೆಂದು ಹಾಗೆ ಹೇಳಿದೆ.

ಅವರು ನನ್ನನ್ನು ಕನಿಕರದಿಂದ ನೋಡಿದರು. "ನಿನಗೇನು ಗರಜ ಇತ್ತವ್ವ, ತಿರುಗಿಸಾಕ?"

ವಾಪಸು ಬಂದೆವು. ಆಮೇಲೆ ನನಗೆ ನಾನೇ ಬೇಕಾದಷ್ಟು ಉತ್ತರ ಹೇಳಿಕೊಂಡಿದ್ದೇನೆ. ಹಿಂದಕ್ಕೆ ನೋಡುವ ಹಕ್ಕಿ ಬಟ್ಟೆ, ಕಲ್ಲು, ಕಟ್ಟಿಗೆ ಎಲ್ಲದರಲ್ಲೂ ಸಿಗುತ್ತದೆ, ಎಲ್ಲೋ ಕಂಡಿರಬಹುದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿರಬಹುದು. ಆದರೆ ಮುರಿದ ಹಲ್ಲುಗಳಿಗೆ ಇನ್ನೊಂದು ಕಾಗೆ ಬೇಕು, ತಿರುಗಿದ ಕುತ್ತಿಗೆಗೆ ಮತ್ತೊಂದು. ಅಷ್ಟು ಕಾಗೆಗಳನ್ನು ನಾನು ಎಲ್ಲಿಂದ ತರಲಿ?

ಮೇಡಂ ಮುಂದೆ ಎಲ್ಲವನ್ನೂ ಹೇಳಿದೆ. ಗೋಡೆಯ ಫೋಟೋ ತೆಗೆದಿದ್ದೆ, ಅದರಲ್ಲಿ ಒದ್ದೆ ಗೋಡೆಯೂ ಒಂದಿಷ್ಟು ಕೆಂಪೂ ಇತ್ತು, ಅಷ್ಟೇ. ಅವರು ನಗಲಿಲ್ಲ. "ಆತು, ನವಿಲಿಗಿ ಮೂಲ ಸಿಕ್ತು ಅಂತ ತಿಳಕೋಳೂಣು. ಕುತ್ತಿಗಿಗಿ?" ಎಂದರು. ಇಲ್ಲ ಎಂದೆ. "ಇರ್ಲಿ ಬಿಡು, ತೂಗಹಾಕು," ಎಂದರು. ಆ ನಿಯಮವನ್ನು ಅವರು ಸಡಿಲಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಪ್ರದರ್ಶನ ಮುಗಿದ ಮೇಲೆ ಚಿತ್ರವನ್ನು ಕಟ್ಟಿಕೊಂಡು ಕಮಲಾಪುರಕ್ಕೆ ಹೋದೆ. ಅದು ಅವರ ಮನೆಯಲ್ಲೇ ಇರಬೇಕು ಎಂದು ನನ್ನ ಮನಸ್ಸಿಗೆ ಬಂದಿತ್ತು. ಚೀಲಗಳೆಲ್ಲ ಬೇರೆ ಗೋಡೆಗೆ ಹೋಗಿದ್ದವು. ಆ ಜಾಗದಲ್ಲಿ ಶಾಂತಾಬಾಯಿಯ ಹೊರಸು ಇತ್ತು. ಬೇಸಿಗೆಯಲ್ಲಿ ಇಲ್ಲಿಯೇ ತಂಪು, ಮಧ್ಯಾಹ್ನ ಒಳ್ಳೆಯ ನಿದ್ದೆ ಬರುತ್ತದೆ ಎಂದರು. ಚಿತ್ರವನ್ನು ಮುಟ್ಟಿ ನೋಡಿ, ಬಟ್ಟೆ ಸುತ್ತಿ ನನಗೇ ಕೊಟ್ಟರು.

"ನೀನ ಇಟ್ಕೋ ಯವ್ವ. ಸುದ್ದಿ ನನಗ ಮುಟ್ಟ್ಯಾದ."

ಆ ಚಿತ್ರ ಈಗ ನನ್ನ ಕೋಣೆಯಲ್ಲಿದೆ. ನಾನು ಈಗಲೂ ಓದುತ್ತೇನೆ, ಬರೆಯುತ್ತೇನೆ, ಕೈ ಮೊದಲಿನಂತೆ ಹೆದರುವುದಿಲ್ಲ. ಆ ಮುದುಕಿ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿಲ್ಲ. ನನಗೇನು ಗರಜಿತ್ತು, ಏನು ಅಗತ್ಯವಿತ್ತು? ಆ ಮಧ್ಯಾಹ್ನ ಸೆಖೆಯಿತ್ತು, ಕರೆಂಟು ಹೋಗಿತ್ತು, ಕೈಯಲ್ಲೊಂದು ಒದ್ದೆ ಬಟ್ಟೆಯಿತ್ತು. ನನಗೆ ನೆನಪಿರುವುದು ಅಷ್ಟೇ.