ಬಸಿಯ ಚಹಾ, ಸ್ಟೀರಿಂಗಿನ ಗೆರೆ

ಒಂದು ಚಹಾವನ್ನು ಇಬ್ಬರು ಹಂಚಿಕೊಳ್ಳುವಾಗ ಕಪ್ಪು ಯಾರಿಗೆ, ಬಸಿ ಎಂಬ ಸಾಸರು ಯಾರಿಗೆ ಎಂಬುದು ನಮ್ಮ ಗೋಕಾಕದ ಕಡೆ ಅಷ್ಟೇನೂ ಕ್ಷುಲ್ಲಕ ಪ್ರಶ್ನೆಯಲ್ಲ. ಮಾನವಂತರಿಗೆ ಕಪ್ಪು, ಸಲಿಗೆಯವರಿಗೆ ಬಸಿ ಎಂದು ನಂಬಿದವನು ನಾನು. ಹೀಗಾಗಿ ಗೆಳೆಯ ಮಲ್ಲಪ್ಪ ಕೆಲವು ಕಾಲದಿಂದ ಕಪ್ಪನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದು ಬಸಿಯನ್ನು ನನ್ನತ್ತ ತಳ್ಳತೊಡಗಿದಾಗ, ಭೌತಶಾಸ್ತ್ರದ ನಿವೃತ್ತ ಮಾಸ್ತರನಾದ ನನ್ನ ಪ್ರತಿಷ್ಠೆಗೆ ಕೊಂಚ ಪೆಟ್ಟಾಗಿತ್ತು.

ಮಲ್ಲಪ್ಪನದು ಹುಕ್ಕೇರಿಯಲ್ಲಿ ಗ್ಯಾರೇಜು. ಹುಚ್ಚು ಮಾತ್ರ ರೇಸ್ ಕಾರಿನದು. ತಾನೇ ಕಟ್ಟಿದ ಕಾರನ್ನು, ಕಬ್ಬಿನ ಹಂಗಾಮು ಮುಗಿದು ಟ್ರ್ಯಾಕ್ಟರುಗಳು ಜಾಗ ಬಿಟ್ಟ ಮೇಲೆ, ಮೂಡಲಗಿ ಹತ್ತಿರದ ಸಕ್ಕರೆ ಕಾರ್ಖಾನೆಯೊಂದರ ಅಂಗಳದಲ್ಲಿ ಓಡಿಸಿ ನೋಡುತ್ತಿದ್ದ. ಬರುವ ಪಂದ್ಯದಲ್ಲಿ ಅದರ ಸ್ಟೀರಿಂಗ್ ತನ್ನ ಕೈಯಲ್ಲೇ ಇರಬೇಕೆಂಬುದು ಅವನ ಜೀವದ ಆಸೆ. ಕಾರಿನ ಚಲನೆಯನ್ನು ಅಳೆಯುವ ಸೆನ್ಸರುಗಳನ್ನು ಆರಿಸುವ ಹೊಣೆ, ಸಂತೆಯಲ್ಲಿ ಸ್ವಂತ ಸ್ಕೂಟರಿನ ಸ್ಥಾನವನ್ನೇ ಮರೆಯುವ ನನ್ನ ಹೆಗಲೇರಿತು.

ಸ್ಟೀರಿಂಗ್ ಎಷ್ಟು ತಿರುಗಿತೆಂದು ಹೇಳುವ ಸೆನ್ಸರಿನಲ್ಲಿ ಮುಖ್ಯವಾಗಿ ಎರಡು ಬಗೆ ನನ್ನ ಮುಂದಿದ್ದವು. ಒಳಗಿನ ಲೋಹದ ನಾಲಿಗೆ ಪಟ್ಟಿಯ ಮೇಲೆ ತಿಕ್ಕುತ್ತ ಸಾಗುವುದು ಒಂದು. ಅಗ್ಗದ್ದು, ಸವೆಯುವಂಥದ್ದು, ತುಸು ಒರಟು. ಆಯಸ್ಕಾಂತದ ನೆರವಿನಿಂದ ಮುಟ್ಟದೆಯೇ ಅಳೆಯುವುದು ಇನ್ನೊಂದು. ಕೂದಲೆಳೆಯಷ್ಟು ಅಲುಗಿದರೂ ಚಾಡಿ ಹೇಳುತ್ತದೆ. ನಾನು ಎರಡನೆಯದನ್ನು ಆರಿಸಿ ಬೀಗಿದೆ.

ಮಲ್ಲಪ್ಪ ಓಡಿಸಿದ ಮೊದಲ ಸುತ್ತಿನಲ್ಲೇ, ಕಾರು ನೆಟ್ಟಗೆ ಹೋಗುತ್ತಿದ್ದಾಗಲೂ, ಲ್ಯಾಪ್‌ಟಾಪಿನ ಮೇಲೆ ಸ್ಟೀರಿಂಗಿನ ತಿರುವನ್ನು ತೋರಿಸುವ ಗೆರೆ ಸಣ್ಣಗೆ ನಡುಗಿತು. ಎಂಜಿನ್ನಿನ ಅದುರಾಟವೆಂದು ಬೋಲ್ಟು ಬಿಗಿದೆವು, ರಬ್ಬರು ಕೊಟ್ಟೆವು, ಕೊನೆಗೆ ಹೊಸ ಸೆನ್ಸರನ್ನೇ ಕೂಡಿಸಿದೆವು. ನಡುಕ ಹೋಗಲಿಲ್ಲ.

"ಇನ್ನೊಮ್ಮೆ ಬದಲಿ ಮಾಡ್ರಿ ಮಾಸ್ತರ," ಎಂದ ಮಲ್ಲಪ್ಪನ ದನಿಯಲ್ಲಿ ಅಂಗಲಾಚುವಿಕೆಯಿತ್ತು.

ಪರೀಕ್ಷೆಗೆಂದು ನಾನೇ ಕೂತು ಮೆಲ್ಲಗೆ ಒಂದು ಸುತ್ತು ಓಡಿಸಿದೆ. ನನ್ನ ಗೆರೆ ಕುಡುಕನಂತೆ ಅತ್ತಿತ್ತ ವಾಲಿತ್ತು, ನಿಜ. ಆದರೆ ಆ ಸಣ್ಣ ನಡುಕ ಅದರಲ್ಲಿರಲಿಲ್ಲ. ಎರಡೂ ಗೆರೆಗಳನ್ನು ನೋಡಿದ ಮಲ್ಲಪ್ಪ ಕೈಗವಸು ಕಳಚಿ ಬಲಗೈಯನ್ನು ನನ್ನ ಮುಂದೆ ಚಾಚಿದ. ಅದು ನಡುಗುತ್ತಿತ್ತು.

"ವರ್ಷ ಆತ್ರಿ. ಮನ್ಯಾಗೂ ಹೇಳಿಲ್ಲ. ಡಾಕ್ಟರು ಗಾಡಿ ಹೊಡಿಬ್ಯಾಡ ಅಂದಾರ. ನಿಮ್ಮ ಸೆನ್ಸರ್ ಖರೆ ಹೇಳಾಕತ್ತೈತಿ."

ಓದುಗರೇ, ಅಗ್ಗದ್ದನ್ನು ಆರಿಸಿದ್ದರೆ ಆ ನಡುಕ ಒರಟು ಗೆರೆಯೊಳಗೆ ಅಡಗಿಕೊಂಡು, ಅವನು ಪಂದ್ಯಕ್ಕೆ ಹೋಗುತ್ತಿದ್ದ. ಹಿಂದಿರುಗುತ್ತಿದ್ದನೋ ಇಲ್ಲವೋ ಯಾರು ಬಲ್ಲರು? ಆಯ್ಕೆ ಸರಿಯಾಗಿತ್ತೆಂದು ಬುದ್ಧಿ ಹೇಳುತ್ತದೆ. ಈಗ ಕಾರನ್ನು ಅವನ ತಂಗಿಯ ಮಗಳು ಓಡಿಸುತ್ತಾಳೆ. ಅವಳ ಗೆರೆ ನೆಟ್ಟಗಿದೆ, ಮಲ್ಲಪ್ಪ ಅದನ್ನು ನೋಡಿ ಶಾಬಾಸ್ ಎನ್ನುತ್ತಾನೆ. ಆಗ ನಾನು ಅವನ ಮುಖ ನೋಡುವುದಿಲ್ಲ.

ಮೊನ್ನೆ ಕೊಣ್ಣೂರಿನ ಹೋಟೆಲಿನಲ್ಲಿ ನಮ್ಮ ನಡುವೆ ಮತ್ತೆ ಒಂದು ಚಹಾ ಬಂತು. ರೂಢಿಯಂತೆ ಅರ್ಧವನ್ನು ಬಸಿಗೆ ಬಗ್ಗಿಸಿಕೊಂಡೆ.

"ಇವತ್ತ ಕಪ್ಪು ನೀವು ತಗೋರಿ ಮಾಸ್ತರ," ಎಂದು, ಇಷ್ಟು ದಿನ ತನ್ನ ನಡುಕ ಅಡಗಿಸಿದ್ದ ಕಪ್ಪನ್ನು ನನ್ನತ್ತ ಸರಿಸಿ, ಅವನು ಬಸಿಯನ್ನೆತ್ತಿದ. ಚಹಾ ಅವನ ಬಿಳಿ ಅಂಗಿಯ ಮೇಲೆಲ್ಲ ಚೆಲ್ಲಿತು. ಅವನು ಒರೆಸಿಕೊಳ್ಳಲಿಲ್ಲ, ಉಳಿದದ್ದನ್ನು ಸುರ್ರೆಂದು ಹೀರಿ, ನಡುಗುವ ಬಸಿಯನ್ನು ಮತ್ತೆ ನನ್ನ ಮುಂದೆ ಹಿಡಿದ. ನನ್ನ ಕಪ್ಪಿನಲ್ಲಿದ್ದುದನ್ನೆಲ್ಲ ಅದಕ್ಕೆ ಸುರಿದೆ.